ಕೈತಪ್ಪದ ಮೂರು ವಾರ

ಓರಿನ್ ಕುಬಿಚೆಕ್‌ನನ್ನು ಪೋರ್ಟ್‌ಲ್ಯಾಂಡಿನ ಹೆರಾನ್ಸ್ ಬೇಸ್‌ಬಾಲ್ ತಂಡದವರು ಪ್ರತಿ ವಸಂತದಲ್ಲೂ ಶಿಬಿರಕ್ಕೆ ಕರೆಸುತ್ತಿದ್ದದ್ದು ಅವನ ಮೇಲಿನ ಮಮಕಾರದಿಂದಲ್ಲ. ಫೆಬ್ರವರಿ ನಡುವಿಗೆ ಮೂವತ್ತೆರಡು ಪಿಚರ್‌ಗಳು ಅರಿಜೋನಾದ ಸೆರಿಟೊಗೆ ಬಂದಿಳಿಯುತ್ತಾರೆ. ಬೆಳಗಾದರೆ ಅಷ್ಟೂ ಜನ ಚೆಂಡು ಎಸೆಯಬೇಕು. ಎಸೆದದ್ದನ್ನು ಹಿಡಿಯುವುದಕ್ಕೆ ಯಾರಾದರೂ ಕುಕ್ಕುರುಗಾಲಲ್ಲಿ ಕೂರಬೇಕಲ್ಲ? ತಂಡದ ಇಬ್ಬರು ಕ್ಯಾಚರ್‌ಗಳ ಮಂಡಿ ಅಷ್ಟಕ್ಕೆಲ್ಲ ಸಾಲುವುದಿಲ್ಲ. ಹಾಗಾಗಿ ಹೆಚ್ಚುವರಿ ಮಂಡಿಗಳಿಗೆ ಕರೆ ಹೋಗುತ್ತದೆ. ಹನ್ನೊಂದು ವರ್ಷದಿಂದ ಆ ಮಂಡಿಗಳಲ್ಲಿ ಎರಡು ಓರಿನ್‌ನವು.

ಅಂಥವರಿಗೆ ಕೊಡುವ ಅಂಗಿಯ ಬೆನ್ನ ಮೇಲೆ ದೊಡ್ಡದೊಂದು ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ. ಓರಿನ್‌ನದು ಎಂಬತ್ತೇಳು. ಮಾರ್ಚ್ ಕೊನೆಗೆ ಮ್ಯಾನೇಜರ್ ಇಪ್ಪತ್ತಾರು ಹೆಸರಿನ ಪಟ್ಟಿ ಮಾಡುತ್ತಾನೆ. ಪಟ್ಟಿಯಲ್ಲಿದ್ದವರಿಗೆ ಸಣ್ಣ ಸಂಖ್ಯೆಯ, ಹೆಸರು ಹೊಲಿದ ಅಂಗಿ ಸಿಗುತ್ತದೆ, ಪೋರ್ಟ್‌ಲ್ಯಾಂಡಿಗೆ ವಿಮಾನ ಸಿಗುತ್ತದೆ. ಉಳಿದವರು ಅಂಗಿ ಬಿಚ್ಚಿಟ್ಟು ಬಾಯ್ಸಿಯಲ್ಲಿರುವ ಕೆಳಗಿನ ತಂಡದ ಬಸ್ಸು ಹತ್ತುತ್ತಾರೆ. ಓರಿನ್‌ಗೆ ಆ ಬಸ್ಸಿನ ಯಾವ ಸೀಟಿನ ಸ್ಪ್ರಿಂಗ್ ಎಲ್ಲಿ ಚುಚ್ಚುತ್ತದೆ ಎನ್ನುವುದೂ ಗೊತ್ತಿತ್ತು.

ಅವನು ಮೇಲಿನ ತಂಡದಲ್ಲಿ ಆಡಿಯೇ ಇಲ್ಲವೆಂದಲ್ಲ. ಎರಡು ಸಲ, ಯಾರದೋ ಕಾಲುಳುಕಿದಾಗ, ಸೆಪ್ಟೆಂಬರಿನಲ್ಲಿ ಕರೆಸಿದ್ದರು. ಎರಡೂ ಸೇರಿಸಿದರೆ ಹತ್ತೊಂಬತ್ತು ದಿನ. ನೆಬ್ರಾಸ್ಕಾದ ಕ್ರೀಟ್‌ನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಅವನ ಹೆಂಡತಿ ಮಾರ್ಲಿಸ್ ರಜೆ ಹಾಕಿ ವಿಮಾನ ಹತ್ತುವಷ್ಟರಲ್ಲಿ ಎರಡೂ ಸಲ ಇವನನ್ನು ವಾಪಸ್ ಕಳಿಸಿಯಾಗಿತ್ತು. ಗಂಡನ ಹೆಸರನ್ನು ಅವನ ಬೆನ್ನ ಮೇಲೆ ಅವಳು ಒಮ್ಮೆಯೂ ನೋಡಿರಲಿಲ್ಲ. “ನಾನು ಮದುವೆ ಆಗಿರೋದು ಎಂಬತ್ತೇಳು ಅನ್ನೋನನ್ನ” ಎಂದು ಊರವರ ಮುಂದೆ ನಗುತ್ತಿದ್ದಳು. ನಗುತ್ತಿದ್ದಳು ನಿಜ, ಆದರೆ ಆ ನಗು ಓರಿನ್‌ಗೆ ಚುರ್ರೆನ್ನುತ್ತಿತ್ತು.

ಅವನಿಗೆ ಬೇಕಾಗಿದ್ದದ್ದು ಒಂದೇ. ಋತುವಿನ ಮೊದಲ ದಿನ ಇಪ್ಪತ್ತಾರು ಜನರನ್ನೂ ಒಬ್ಬೊಬ್ಬರಾಗಿ ಹೆಸರು ಕೂಗಿ ಮೈದಾನದ ಬಿಳಿ ಗೆರೆಯ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಆ ಸಾಲಿನಲ್ಲಿ ಒಮ್ಮೆ ನಿಲ್ಲಬೇಕು. ಸೆಪ್ಟೆಂಬರಿನಲ್ಲಿ ತೂತು ಮುಚ್ಚಲು ಕರೆಸಿಕೊಂಡವನಾಗಿ ಅಲ್ಲ, ಮೊದಲೇ ಆರಿಸಿಕೊಂಡವನಾಗಿ. ವಯಸ್ಸು ಮೂವತ್ತನಾಲ್ಕಾಗಿತ್ತು. ಕ್ರೀಟ್‌ನ ಶಾಲೆಯವರು ಆಟದ ಮೇಷ್ಟರ ಕೆಲಸ ಇಟ್ಟುಕೊಂಡು ಕಾಯುತ್ತಿದ್ದರು, ಏಪ್ರಿಲ್ ಒಂದರೊಳಗೆ ಉತ್ತರ ಬೇಕೆಂದಿದ್ದರು. ಈ ಸಲ ಪಟ್ಟಿಯಲ್ಲಿಲ್ಲದಿದ್ದರೆ ಕ್ಯಾಚರ್‌ನ ಮುಖವಾಡ ಮೊಳೆಗೆ ನೇತುಹಾಕುವುದು ಎಂದು ಗಂಡಹೆಂಡತಿ ಮಾತಾಡಿಕೊಂಡಾಗಿತ್ತು. ಆದರೆ ಅವನು ಒಳಗೊಳಗೇ ಹಲ್ಲು ಕಚ್ಚಿಕೊಂಡಿದ್ದ. ಈ ಸಲ ಬಿಡುವುದಿಲ್ಲ, ಏನಾದರಾಗಲಿ.

ಅವನ ಹಠಕ್ಕೆ ಈ ಸಲ ಒಂದು ಆಧಾರವೂ ಇತ್ತು. ಅದರ ಹೆಸರು ಲೈಲ್ ಪ್ರೂಡೋಮ್. ಲೂಸಿಯಾನಾದವನು, ಮೂವತ್ತೊಂಬತ್ತು ವರ್ಷ, ಗೆಣ್ಣಿನ ಚೆಂಡು ಎಸೆಯುವವನು. ಮಿಕ್ಕ ಪಿಚರ್‌ಗಳು ಚೆಂಡನ್ನು ಗಿರ್ರನೆ ತಿರುಗಿಸಿ ಬಿಟ್ಟರೆ, ಇವನು ಎರಡು ಉಗುರು ಊರಿ, ಎಳ್ಳಷ್ಟೂ ತಿರುಗದಂತೆ ತಳ್ಳುತ್ತಾನೆ. ತಿರುಗದ ಚೆಂಡು ಗಾಳಿಯಲ್ಲಿ ಕುಡಿದವನಂತೆ ತೂರಾಡುತ್ತ ಬರುತ್ತದೆ. ಎಲ್ಲಿಗೆ ಹೋಗುತ್ತದೆಂದು ಬ್ಯಾಟ್ ಹಿಡಿದವನಿಗೂ ತಿಳಿಯದು, ಎಸೆದವನಿಗೂ ತಿಳಿಯದು, ಹಿಡಿಯುವವನಿಗಂತೂ ದೇವರೇ ಗತಿ. ಆ ಚೆಂಡಿಗಾಗಿಯೇ ಓರಿನ್ ಮೊರದಗಲದ ಗ್ಲವ್ಸ್ ಇಟ್ಟುಕೊಂಡಿದ್ದ. ಬಾಯ್ಸಿಯಲ್ಲಿ ನಾಲ್ಕು ವರ್ಷ ಲೈಲ್‌ನ ಚೆಂಡು ಹಿಡಿದವನು ಅವನೇ, ಅದರಿಂದ ಎದೆ, ಭುಜ, ಗಲ್ಲ ಊದಿಸಿಕೊಂಡವನೂ ಅವನೇ.

ಆ ವರ್ಷ ಮ್ಯಾನೇಜರ್ ಗಸ್ ಮೆರಿಕ್‌ಗೆ ಕೊನೆಯ ಪಿಚರ್ ಒಬ್ಬ ಬೇಕಾಗಿದ್ದ. ಲೈಲ್ ಮೇಲೆ ಕಣ್ಣಿತ್ತು. ಅವನನ್ನು ತೆಗೆದುಕೊಂಡರೆ, ಅವನ ಚೆಂಡು ಹಿಡಿಯಬಲ್ಲವನನ್ನು ಎರಡನೇ ಕ್ಯಾಚರ್ ಆಗಿ ತೆಗೆದುಕೊಳ್ಳಲೇಬೇಕು. ಇಬ್ಬರದೂ ಒಂದೇ ದೋಣಿ.

ಮಾರ್ಚ್ ಶುರುವಾದಂದಿನಿಂದ ಆ ದೋಣಿ ಸಲೀಸಾಗಿ ತೇಲುತ್ತಿತ್ತು. ಅಭ್ಯಾಸ ಪಂದ್ಯಗಳಲ್ಲಿ ಲೈಲ್ ಎಸೆದ, ಓರಿನ್ ಹಿಡಿದ, ಒಂದೂ ಕೈತಪ್ಪಲಿಲ್ಲ. ಒಂದು ವಾರ ಸೊನ್ನೆ. ಎರಡು ವಾರ ಸೊನ್ನೆ. ಬಟ್ಟೆ ಬದಲಿಸುವ ಕೋಣೆಯ ಹಲಗೆಯ ಮೇಲೆ ಯಾರೋ “ಕುಬಿ: 0” ಎಂದು ಬರೆದು, ದಿನಾ ಅಳಿಸಿ, ಮತ್ತೆ ಅದನ್ನೇ ಬರೆಯತೊಡಗಿದರು. ತಂಡದ ಕಚೇರಿಯಿಂದ ಬಂದಿದ್ದ ಲೆಕ್ಕಾಚಾರದ ಹೆಂಗಸು ನೋರಾ ಲಿಂಡ್‌ಕ್ವಿಸ್ಟ್ ತನ್ನ ಟ್ಯಾಬ್ ತೋರಿಸಿ, “ನಿಮ್ಮ ಕೈ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಓರಿನ್” ಎಂದಳು. ಅವಳ ಬಾಯಿಂದ ಹೊಗಳಿಕೆ ಬರುವುದೆಂದರೆ ಸೆರಿಟೊದಲ್ಲಿ ಮಳೆ ಬಂದ ಹಾಗೆ.

ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬನೂ ಇದ್ದ, ಟ್ರೆಂಟ್ ಓಸ್ಲರ್. ಇಪ್ಪತ್ಮೂರು ವರ್ಷ, ತೋಳು ಕಬ್ಬಿಣ, ಮನಸ್ಸು ಬೆಣ್ಣೆ.

“ಅಜ್ಜಾ, ಮಂಡಿಗೆ ಎಣ್ಣೆ ಹಚ್ಕೊಂಡ್ಯಾ? ಕೂತ್ರೆ ಕಿರ್ ಅಂತ ಶಬ್ದ ಬರುತ್ತೆ, ಅಂಪೈರ್‌ಗೆ ತೊಂದ್ರೆ!” ಎಂದು ಅವನು ದಿನಾ ಕಾಡುತ್ತಿದ್ದ.

“ನಿನ್ನ ಬಾಯಿಗೆ ಮೊದಲು ಬೀಗ ಹಚ್ಕೊ” ಎಂದು ಇವನು ದಿನಾ ಬೈಯುತ್ತಿದ್ದ. ಗಸ್ ಅವನಿಗೂ ಎರಡು ಪಂದ್ಯದಲ್ಲಿ ಲೈಲ್‌ನ ಚೆಂಡು ಹಿಡಿಯಲು ಕೊಟ್ಟ. ಟ್ರೆಂಟ್‌ನದೂ ಸೊನ್ನೆ.

ಓರಿನ್‌ಗೆ ಅಲ್ಲೇ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದರೆ ಯಾರಿಗೆ ತಾನೇ ಬುದ್ಧಿ ನೆಟ್ಟಗಿರುತ್ತದೆ? ಹನ್ನೊಂದು ವರ್ಷ ಕಾದವನು. ಕೊನೆಗೂ ನನ್ನ ಕೈ ಕುದುರಿತು ಎಂದು ನಂಬಿಬಿಟ್ಟಿದ್ದ, ಪಾಪ.

ಮೂರನೇ ವಾರದ ಶುಕ್ರವಾರ ಬೆಳಿಗ್ಗೆ ಗುಟ್ಟು ಬಯಲಾಯಿತು. ಬೇಲಿ ಪಕ್ಕ ಇಬ್ಬರೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಲೈಲ್ ತನ್ನೂರಿನ ಹಂದಿಮಾಂಸದ ಖಾರದ ಸಾಸೇಜಿನ ವರ್ಣನೆಯಲ್ಲಿ ಮುಳುಗಿದ್ದ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಓರಿನ್‌ನನ್ನು ಕೂಗಿದರು. ಇವನು ಅತ್ತ ತಿರುಗಿ “ಏನು?” ಎಂದ. ಅದೇ ಗಳಿಗೆಗೆ ಲೈಲ್‌ನ ಕೈಯಿಂದ ಚೆಂಡು ಹೊರಟಿತ್ತು. ಓರಿನ್ ನೋಡಲಿಲ್ಲ. ಗ್ಲವ್ಸ್ ಹಿಡಿದಲ್ಲೇ ಇತ್ತು. ಚೆಂಡು ಬಂದು ಅದರಲ್ಲಿ ಪಟ್ಟೆಂದು ಕೂತಿತು.

ಓರಿನ್ ಗ್ಲವ್ಸ್ ಒಳಗಿದ್ದ ಚೆಂಡನ್ನು ನೋಡಿದ.

ಲೈಲ್ ಪ್ರೂಡೋಮ್‌ನ ಗೆಣ್ಣಿನ ಚೆಂಡನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಹತ್ತರಲ್ಲಿ ಮೂರು ಕೈತಪ್ಪುತ್ತವೆ. ನಾಲ್ಕು ವರ್ಷ ತಪ್ಪುತ್ತಲೇ ಬಂದಿದ್ದವು. ಅದನ್ನು ಬೇರೆ ಕಡೆ ನೋಡಿಕೊಂಡು ಹಿಡಿಯುವುದೆಂದರೆ? “ಇನ್ನೊಂದು ಹಾಕು” ಎಂದ. ಈ ಸಲ ಚೆಂಡಿನ ಕೆಂಪು ಹೊಲಿಗೆಯ ಮೇಲೆ ಕಣ್ಣು ನೆಟ್ಟ. ಹೊಲಿಗೆ ನಿಧಾನವಾಗಿ ಅರ್ಧ ಸುತ್ತು ಸುತ್ತಿತು. ಇನ್ನೊಂದು. ಮತ್ತೆ ಅರ್ಧ ಸುತ್ತು. ಚೆಂಡು ತಿರುಗುತ್ತಿತ್ತು. ತಿರುಗುವ ಗೆಣ್ಣಿನ ಚೆಂಡು ಎಂದರೆ ಸತ್ತ ಚೆಂಡು. ಕುದುರಿದ್ದು ಇವನ ಕೈಯಲ್ಲ, ಕೆಟ್ಟಿದ್ದು ಲೈಲ್‌ನ ಚೆಂಡು.

ಶಿಬಿರಕ್ಕೆ ಬರುವ ಎಳೆಯ ಬ್ಯಾಟುಗಾರರು ಅಂಥ ಚೆಂಡನ್ನು ಹೆಚ್ಚು ಕಂಡವರಲ್ಲ, ಹೆಸರಿಗೇ ಹೆದರಿ ಬ್ಯಾಟ್ ಬೀಸುತ್ತಿದ್ದರು. ಏಪ್ರಿಲ್‌ನಲ್ಲಿ ಹಳೇ ಹುಲಿಗಳು ಹೆದರುತ್ತವೆಯೇ? ಮೊದಲ ವಾರದಲ್ಲೇ ಮೈದಾನದಾಚೆಗೆ ಬಾರಿಸಿ ಬಿಸಾಡುತ್ತಾರೆ. ಎರಡು ವಾರದಲ್ಲಿ ಲೈಲ್ ಮನೆಗೆ. ಮೂವತ್ತೊಂಬತ್ತು ವರ್ಷದವನನ್ನು ಮತ್ತೆ ಯಾರು ಕರೆಯುತ್ತಾರೆ?

ಆದರೆ ಮೊದಲ ದಿನದ ಬಿಳಿ ಗೆರೆ ಆ ಎರಡು ವಾರಕ್ಕೆ ಮುಂಚೆಯೇ ಬರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಆ ಗೆರೆ ಓರಿನ್‌ನದು.

ಮಧ್ಯಾಹ್ನ ಮಾರ್ಲಿಸ್‌ಗೆ ಫೋನು ಮಾಡಿದ. ಮಕ್ಕಳನ್ನು ಇಳಿಸಿ ಖಾಲಿ ಬಸ್ಸಿನಲ್ಲಿ ಕೂತಿದ್ದಳು. ಎಲ್ಲ ಹೇಳಿದ.

“ಸುಮ್ನೆ ಇದ್ದುಬಿಡಬಹುದಲ್ಲ?” ಎಂದಳು.

“ಇರಬಹುದು.”

“ಇರ್ತೀಯಾ?”

“ಅವನ ಚೆಂಡು ಸತ್ತಿದ್ದಕ್ಕೆ ನನಗೆ ಚಪ್ಪಾಳೆ ಬೀಳ್ತಿದೆ ಮಾರ್ಲಿಸ್. ಅದನ್ನ ತಗೊಂಡು ಆ ಸಾಲಲ್ಲಿ ಹ್ಯಾಗೆ ನಿಂತ್ಕೊಳ್ಳಲಿ? ಆಗಲ್ಲ.”

“ಮತ್ತೆ ನನ್ನ ತಲೆ ಯಾಕೆ ತಿಂತೀಯ? ಹೋಗಿ ಅವನ ತಲೆ ತಿನ್ನು” ಎಂದಳು. ಫೋನಿಡುವ ಮುಂಚೆ ಮೆಲ್ಲಗೆ, “ಹಾಗಂತ ಬಿಟ್ಟುಕೊಡಬೇಡ, ಕೇಳಿಸ್ತಾ? ಗೆರೆ ಮೇಲೂ ನಿಲ್ಲಬೇಕು” ಎಂದೂ ಸೇರಿಸಿದಳು.

ಲೈಲ್ ಬಾಡಿಗೆಗೆ ಹಿಡಿದಿದ್ದ ಮನೆಯ ಅಡುಗೆಕೋಣೆಯಲ್ಲಿ ಮೊಟ್ಟೆಯ ಮೇಲೆ ಖಾರದ ಸಾಸ್ ಸುರಿದುಕೊಳ್ಳುತ್ತಿದ್ದ. ಓರಿನ್ ನಿಂತಲ್ಲೇ ವಿಷಯ ಹೇಳಿದ. ಲೈಲ್‌ನ ಮುಖ ಸಾಸಿನ ಬಣ್ಣಕ್ಕೆ ತಿರುಗಿತು.

“ನಿನಗೇನು ಹುಚ್ಚು ಹಿಡಿದಿದೆಯಾ? ಪ್ರಪಂಚದಲ್ಲಿ ಯಾವ ಕ್ಯಾಚರಾದ್ರೂ ಒಂದೂ ಕೈತಪ್ಪಲಿಲ್ಲ ಅಂತ ಅಳ್ತಾನೇನೋ?”

“ಇವತ್ತು ನಿನ್ನ ಚೆಂಡನ್ನ ನೋಡದೇ ಹಿಡಿದೆ ಲೈಲ್.”

ಲೈಲ್ ಚಮಚ ಕೆಳಗಿಟ್ಟ.

“ನೋಡದೇ” ಎಂದ ಓರಿನ್ ಮತ್ತೊಮ್ಮೆ. “ಆ ತೋರುಬೆರಳು ಯಾಕೆ ಯಾವಾಗಲೂ ಮಡಚಿಕೊಂಡಿರ್ತೀಯ? ತೋರಿಸು.”

“ಹೋಗೋ.”

“ತೋರಿಸೋ ಅಂದ್ರೆ!”

ಲೈಲ್ ತೋರಿಸಿದ. ಉಗುರು ಬೇರೆಯವರದು. ಅಂದರೆ, ಅಂಗಡಿಯದು. ಮಾರ್ಚ್ ಮೊದಲ ವಾರ ಅವನ ಉಗುರು ಬುಡದವರೆಗೆ ಸೀಳಿತ್ತು. ಯಾರಿಗೂ ಹೇಳದೆ, ಹೆಂಗಸರು ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳುವ ಅಂಗಡಿಗೆ ಹೋಗಿ, ಟುಯೆಟ್ ಎಂಬ ವಿಯೆಟ್ನಾಮಿನ ಅಕ್ಕನ ಮುಂದೆ ಕೈ ಚಾಚಿ ಕೃತಕ ಉಗುರು ಅಂಟಿಸಿಕೊಂಡಿದ್ದ. ನಯವಾದ ಉಗುರು, ಚೆಂಡು ಬಿಡುವಾಗ ಕೂದಲೆಳೆಯಷ್ಟು ಜಾರುತ್ತಿತ್ತು. ಅರ್ಧ ಸುತ್ತು ಬರುತ್ತಿದ್ದದ್ದು ಅಲ್ಲಿಂದ. ಮೇಲಾಗಿ, ಎಸೆಯುವ ಕೈಗೆ ಪಿಚರ್ ಏನನ್ನೂ ಅಂಟಿಸಿಕೊಳ್ಳುವಂತಿಲ್ಲ, ಅದು ನಿಯಮ. ಅಂಪೈರ್ ಕಣ್ಣಿಗೆ ಬಿದ್ದರೆ ಮರ್ಯಾದೆ ಮೂರುಕಾಸಿಗೆ ಹೋಗುತ್ತಿತ್ತು.

“ಕೀಳೋ ಅದನ್ನ” ಎಂದ ಓರಿನ್.

“ಕಿತ್ತರೆ ಹಿಡಿಯೋಕೇ ಆಗಲ್ಲ ಕಣೋ. ಇಪ್ಪತ್ತು ವರ್ಷದಿಂದ ಈ ಬೆರಳು, ಆ ಬೆರಳು, ಅಷ್ಟೇ ನನಗೆ ಗೊತ್ತಿರೋದು. ಪಟ್ಟಿಗೆ ಇನ್ನು ಎಂಟು ದಿನ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.” ಅವನ ದನಿ ಒಡೆಯಿತು. “ಯಾರಿಗೂ ಹೇಳಬೇಡ, ನಿನ್ನ ಕಾಲಿಗೆ ಬೀಳ್ತೀನಿ.”

“ಹೇಳಲ್ಲ. ಸತ್ತರೂ ಹೇಳಲ್ಲ. ಆದರೆ ಪಕ್ಕದ ಬೆರಳಿನಲ್ಲಿ ಉಗುರು ಇಲ್ವಾ ನಿನಗೆ? ನಡುಬೆರಳು, ಉಂಗುರಬೆರಳು. ನಾಳೆ ಬೆಳಿಗ್ಗೆ ಆರು ಗಂಟೆಗೆ ಹಿಂದಿನ ಮೈದಾನಕ್ಕೆ ಬಾ.”

“ಎಂಟು ದಿನದಲ್ಲಿ ಬೆರಳು ಬದಲಾಯಿಸೋಕೆ ನಾನೇನು ಪಿಟೀಲು ಬಾರಿಸ್ತೀನಾ?”

“ಆರು ಗಂಟೆಗೆ” ಎಂದು ಓರಿನ್ ಬಾಗಿಲು ಹಾಕಿಕೊಂಡು ಹೊರಟ.

ಲೈಲ್ ಬಂದ, ಅಂಗಡಿ ಉಗುರು ಕಿತ್ತುಹಾಕಿ, ಬೈದುಕೊಳ್ಳುತ್ತಲೇ. ಮೊದಲ ದಿನ ಚೆಂಡುಗಳು ಬೇಲಿ ದಾಟಿ ಮೊಲಗಳನ್ನು ಓಡಿಸಿದವು. ಎರಡನೇ ದಿನ ನೆಲಕ್ಕೆ ಬಡಿದವು. ಬೆರಳ ತುದಿಯಲ್ಲಿ ರಕ್ತ ಜಿನುಗಿತು, ಲೈಲ್ ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಎಸೆದ. “ಸಾಕೋ” ಎಂದ ಲೈಲ್. “ಇನ್ನೊಂದು” ಎಂದ ಓರಿನ್. ದಿನಕ್ಕೆ ನೂರು ಚೆಂಡು. ಆಮೇಲೆ ಇಬ್ಬರೂ ಏನೂ ಆಗದವರಂತೆ ಎಲ್ಲರ ಜೊತೆ ಅಭ್ಯಾಸಕ್ಕೆ ಹೋಗುತ್ತಿದ್ದರು. ಪುಣ್ಯಕ್ಕೆ ಮುಂದಿನ ಶನಿವಾರದವರೆಗೆ ಲೈಲ್‌ಗೆ ಪಂದ್ಯವಿರಲಿಲ್ಲ.

ನಾಲ್ಕನೇ ದಿನ, ಸೂರ್ಯ ಇನ್ನೂ ಗುಡ್ಡದ ಅಂಚಿನಲ್ಲಿದ್ದಾಗ, ಒಂದು ಚೆಂಡು ಹೊರಟಿತು. ಹೊಲಿಗೆ ಕದಲಲಿಲ್ಲ. ಎಡಕ್ಕೆ ವಾಲಿತು, ನಿಂತಂತೆ ಮಾಡಿತು, ಬಲಕ್ಕೆ ಧುಮುಕಿತು. ಓರಿನ್‌ನ ಗ್ಲವ್ಸ್ ಒಂದು ಕಡೆ, ಚೆಂಡು ಒಂದು ಕಡೆ, ನೇರ ಬಂದು ಕೊರಳಮೂಳೆಗೆ ಬಡಿಯಿತು. ಅವನು ಬೆನ್ನಡಿಯಾಗಿ ಬಿದ್ದು, ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ಸತ್ತ್ಯೇನೋ?” ಎಂದು ಲೈಲ್ ಓಡಿ ಬಂದ.

“ಬದುಕಿದೆ ಕಣೋ, ನಿನ್ನ ಚೆಂಡು ಬದುಕಿದೆ!”

ಸೆರಿಟೊದ ಕೊನೆಯ ಅಭ್ಯಾಸ ಪಂದ್ಯ ಶನಿವಾರ. ಹುಲ್ಲುಟೊಪ್ಪಿಗೆಯ ನಿವೃತ್ತ ಮುದುಕರು ಗ್ಯಾಲರಿ ತುಂಬಿದ್ದರು. ಅವರಿಗೆ ಸೂರ್ಯಕಾಂತಿ ಬೀಜ ಉಗುಳುವುದು, ಆಟಗಾರರನ್ನು ಉಗಿಯುವುದು, ಎರಡೂ ಒಂದೇ ಉಸಿರಿನ ಕೆಲಸ. ಲೈಲ್ ನಾಲ್ಕು ಇನ್ನಿಂಗ್ಸ್ ಎಸೆದ. ಎಂಟು ಜನ ಗಾಳಿಗೆ ಬ್ಯಾಟ್ ಬೀಸಿ ತಲೆತಗ್ಗಿಸಿಕೊಂಡು ವಾಪಸ್ ಹೋದರು, ಅವರಲ್ಲಿ ಇಬ್ಬರು ಹಳೇ ಹುಲಿಗಳೇ. ಮತ್ತೆ ಓರಿನ್? ಮೊದಲ ಚೆಂಡು ಮೊಣಕಾಲಿಗೆ ಬಡಿದು ಓಡಿತು. ಮೂರನೆಯದು ಕಾಲ ಸಂದಿಯಲ್ಲಿ ತೂರಿತು. ಎರಡನೇ ಇನ್ನಿಂಗ್ಸಿನಲ್ಲಿ ಮತ್ತೆರಡು.

“ಏ ಅಜ್ಜಾ, ಬಕೆಟ್ ತಗೊಂಡು ಬಾರೋ!” ಎಂದು ಗ್ಯಾಲರಿಯಿಂದ ಒಬ್ಬ ಕೂಗಿದ.

“ಬಕೆಟ್ ಬೇಡ, ಮೀನು ಹಿಡಿಯೋ ಬಲೆ ಕೊಡ್ರೋ!” ಎಂದ ಇನ್ನೊಬ್ಬ.

ಕೈತಪ್ಪಿದ್ದು ಒಟ್ಟು ಆರು. ಹಿಂದಿನ ಗೋಡೆಯವರೆಗೆ ಓಡುವಾಗಲೆಲ್ಲ ಮುಖವಾಡದೊಳಗೆ ಓರಿನ್ ಹಲ್ಲು ಕಿರಿಯುತ್ತಿದ್ದ. ಹಿಡಿದದ್ದಕ್ಕಿಂತ ಬಿಟ್ಟದ್ದಕ್ಕೆ ಸಂತೋಷಪಟ್ಟ ಕ್ಯಾಚರ್ ಅವನೊಬ್ಬನೇ ಇರಬೇಕು. ಆದರೆ ಹಲಗೆಯ ಮೇಲೆ ಯಾರೋ ಸೊನ್ನೆ ಅಳಿಸಿ ಆರು ಎಂದು ಬರೆದದ್ದು ಕಂಡಾಗ ನಗು ನಿಂತಿತು.

ಗಸ್ ಕರೆಸಿದ. ಪಕ್ಕದಲ್ಲಿ ಟ್ಯಾಬ್ ಹಿಡಿದು ನೋರಾ.

“ಲೈಲ್ ಪಟ್ಟಿಯಲ್ಲಿದ್ದಾನೆ” ಎಂದ ಗಸ್. “ಇಂಥಾ ಗೆಣ್ಣಿನ ಚೆಂಡು ನಾನು ನೋಡೇ ಇರಲಿಲ್ಲ.” ಆಮೇಲೆ ಮೇಜಿನ ಮೇಲಿದ್ದ ಪೆನ್ಸಿಲ್ಲನ್ನು ಅತ್ತಿತ್ತ ಉರುಳಿಸಿದ. “ನಿನ್ನ ವಿಷಯ ಕಷ್ಟ ಆಗಿದೆ ಓರಿನ್.”

“ಮೂರು ವಾರ ಸೊನ್ನೆ, ಇವತ್ತು ನಾಲ್ಕೇ ಇನ್ನಿಂಗ್ಸಿಗೆ ಆರು” ಎಂದಳು ನೋರಾ. ಕುಹಕವಿರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. “ವಯಸ್ಸಾದ ಕೈ ಒಮ್ಮೆಲೇ ಕೈಕೊಡುತ್ತೆ. ಟ್ರೆಂಟ್ ಇವನ ಚೆಂಡು ಎರಡು ಪಂದ್ಯ ಹಿಡಿದಿದ್ದಾನೆ. ಒಂದೂ ತಪ್ಪಿಲ್ಲ. ನಾನು ಟ್ರೆಂಟ್ ಅಂತೀನಿ.”

ಓರಿನ್‌ಗೆ ಮೈ ಉರಿದುಹೋಯಿತು. ಆ ಹುಡುಗ ಹಿಡಿದದ್ದು ಸತ್ತ ಚೆಂಡು! ಬಾಯಿಯ ತುದಿಗೆ ಬಂದಿತ್ತು ಮಾತು. ಆಡಿದರೆ ‘ಯಾಕೆ ಸತ್ತಿತ್ತು’ ಎಂದು ಕೇಳುತ್ತಾರೆ. ಕೇಳಿದರೆ ಉಗುರು ಹೊರಗೆ ಬರುತ್ತದೆ. ನುಂಗಿಕೊಂಡ.

“ಸ್ಕಿಪ್” ಎಂದ. ಮ್ಯಾನೇಜರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. “ನಾಳೆ ಬೆಳಿಗ್ಗೆ ಇಪ್ಪತ್ತು ಚೆಂಡು. ಹತ್ತು ಟ್ರೆಂಟ್‌ಗೆ, ಹತ್ತು ನನಗೆ. ನೀವೂ ನಿಂತು ನೋಡಿ. ಆಮೇಲೆ ಯಾರನ್ನ ಬೇಕಾದ್ರೂ ತಗೊಳ್ಳಿ, ನಾನು ತುಟಿಪಿಟಕ್ ಅನ್ನಲ್ಲ.”

“ಯಾಕೆ? ಏನು ಬದಲಾಗುತ್ತೆ ನಾಳೆ?”

“ಯಾಕೆ ಅಂತ ಕೇಳಬೇಡಿ. ಹನ್ನೊಂದು ವರ್ಷದಲ್ಲಿ ನಿಮ್ಮ ಹತ್ತಿರ ಏನಾದ್ರೂ ಕೇಳಿದ್ದೀನಾ ನಾನು?”

ಗಸ್ ಪೆನ್ಸಿಲ್ ನಿಲ್ಲಿಸಿದ. “ಎಂಟು ಗಂಟೆಗೆ” ಎಂದ.

ಭಾನುವಾರ ಎಂಟು ಗಂಟೆಗೆ ಹಿಂದಿನ ಮೈದಾನದಲ್ಲಿ ಐದೇ ಜನ. ಮೊದಲು ಟ್ರೆಂಟ್ ಕೂತ, ಓರಿನ್‌ನ ಮೊರದಂಥ ಗ್ಲವ್ಸ್ ತೊಟ್ಟು. ಅದನ್ನು ಕೊಟ್ಟವನು ಓರಿನ್‌ನೇ. “ಚೆಂಡಿನ ಬೆನ್ನಟ್ಟಬೇಡ, ಹತ್ತಿರ ಬರೋವರೆಗೆ ಕಾಯಿ” ಎಂದು ಹೇಳಿಯೂ ಕೊಟ್ಟ. ಅಂಥವನು ಅವನು, ಏನು ಮಾಡೋಣ. ಮೊದಲ ಚೆಂಡು ಟ್ರೆಂಟ್‌ನ ಮುಖವಾಡಕ್ಕೆ ಢಣ್ಣೆಂದು ಬಡಿಯಿತು. ಎರಡನೆಯದು ಕಿವಿಯ ಪಕ್ಕದಲ್ಲಿ ಹಾದು ಹೋಯಿತು.

“ಅಜ್ಜಾ, ಇದೇನು ಚೆಂಡಾ ಜೀರುಂಡೆನಾ? ಹೋದ ವಾರ ಹೀಗಿರಲಿಲ್ವಲ್ಲೋ!” ಎಂದು ಕೂಗಿದ ಟ್ರೆಂಟ್.

ಹುಡುಗ ಗಟ್ಟಿಗ, ಮೈ ಒಡ್ಡಿ ಕೂತ. ಆದರೂ ಹತ್ತರಲ್ಲಿ ಹಿಡಿದದ್ದು ನಾಲ್ಕು.

ಓರಿನ್ ಗ್ಲವ್ಸ್ ತೊಡುವ ಮುಂಚೆ ನಡೆದುಕೊಂಡು ಲೈಲ್ ಹತ್ತಿರ ಹೋದ. “ನನ್ನ ಮೇಲೇನಾದ್ರೂ ಕನಿಕರ ತೋರಿಸಿದ್ಯೋ, ಚೆಂಡನ್ನ ನಿನ್ನ ಬಾಯಿಗೇ ತುರುಕ್ತೀನಿ.”

“ಕನಿಕರನಾ? ನಮ್ಮೂರ ಅಂಗಡಿಯಲ್ಲಿ ಅದು ಸಿಗಲ್ಲ” ಎಂದ ಲೈಲ್. ಆದರೆ ಕಣ್ಣಲ್ಲಿ ನೀರಾಡಿತ್ತು.

ಓರಿನ್ ಕೂತ. ಮಂಡಿ ಕಿರ್ ಎಂದಿತು. ಲೈಲ್ ಕೊಟ್ಟ ಮಾತಿನಂತೆ ಇದ್ದಬದ್ದ ಕೆಟ್ಟತನವನ್ನೆಲ್ಲ ಎಸೆದ. ಮೊದಲನೆಯದು ಕೈತಪ್ಪಿತು. ಎರಡು, ಮೂರು, ನಾಲ್ಕು ಹಿಡಿದ. ಐದನೆಯದು ಭುಜಕ್ಕೆ ಬಡಿದು ಹೋಯಿತು. ಆರು, ಏಳು, ಎಂಟು ಹಿಡಿದ. ಒಂಬತ್ತನೆಯದು ನೆಲದಿಂದ ಎಗರಿ ಗೋಡೆ ಸೇರಿತು. ಹತ್ತನೆಯದು ಮೂರು ಸಲ ಮನಸ್ಸು ಬದಲಿಸಿತು, ಅವನು ಕಾದ, ಕಾದ, ಕೊನೆಯ ಗೇಣಿನಲ್ಲಿ ಕೈ ಮಗುಚಿ ಮಣ್ಣಿನಿಂದ ಎತ್ತಿಕೊಂಡ. ಏಳು.

ಗಸ್ ನೋರಾಳ ಕಡೆ ನೋಡಿದ. ಅವಳು ಹುಬ್ಬು ಗಂಟಿಕ್ಕಿದ್ದಳು.

“ಹತ್ತು ಚೆಂಡಿನಲ್ಲಿ ಏನೂ ಸಾಬೀತಾಗಲ್ಲ ಸ್ಕಿಪ್. ಇದೇ ಚೆಂಡನ್ನ ಮೂರು ವಾರ ಇಬ್ಬರೂ ಒಂದೂ ಬಿಡದೆ ಹಿಡಿದಿದ್ದಾರೆ. ಆ ಸೊನ್ನೆ ಎಲ್ಲಿಂದ ಬಂತು? ಅದು ಗೊತ್ತಾಗದೆ ನಾನು ಲೆಕ್ಕ ಬದಲಾಯಿಸಲ್ಲ. ಓರಿನ್, ನಿಮಗೆ ಗೊತ್ತಾ?”

ನ್ಯಾಯವಾದ ಪ್ರಶ್ನೆ. ಗಸ್ ನೋಡುತ್ತಿದ್ದ, ಟ್ರೆಂಟ್ ನೋಡುತ್ತಿದ್ದ. ಒಂದೇ ಒಂದು ಮಾತು, ಹನ್ನೊಂದು ವರ್ಷ ದಡ ಸೇರುತ್ತದೆ. ಓರಿನ್ ಮುಖವಾಡ ತೆಗೆದು ಕಂಕುಳಲ್ಲಿ ಇರುಕಿಕೊಂಡ.

“ಗೊತ್ತಿಲ್ಲ” ಎಂದ.

ನೋರಾ ಟ್ಯಾಬ್ ಮಡಚಿದಳು. ಗಸ್ ನಿಟ್ಟುಸಿರಿಟ್ಟು ತಿರುಗಿದ.

“ಅವನಿಗೆ ಗೊತ್ತು” ಎಂದು ಲೈಲ್ ಚೆಂಡೆಸೆಯುವ ದಿಬ್ಬದಿಂದಿಳಿದು ಬಂದ. ಟೋಪಿ ತೆಗೆದು, ತೋರುಬೆರಳು ನೆಟ್ಟಗೆ ಎತ್ತಿ ಹಿಡಿದ. ಅರ್ಧ ಉಗುರು, ಕಪ್ಪುಗಟ್ಟಿದ ರಕ್ತ. “ಮೂರು ವಾರ ಇಲ್ಲಿ ಅಂಗಡಿ ಉಗುರಿತ್ತು ಸ್ಕಿಪ್. ನನ್ನ ಚೆಂಡು ಸತ್ತಿತ್ತು. ಯಾವ ಕೂಸು ಬೇಕಾದ್ರೂ ಹಿಡೀಬಹುದಿತ್ತು. ಕಂಡುಹಿಡಿದವನು ಇವನು, ಕೀಳಿಸಿದವನು ಇವನು, ಹೊಸ ಬೆರಳು ಕಲಿಸಿದವನೂ ಇವನೇ. ಬಾಯಿ ಬಿಡಲ್ಲ ಅಂತ ನನಗೆ ಮಾತು ಕೊಟ್ಟಿದ್ದ ಮುಠ್ಠಾಳ. ಯಾರನ್ನಾದ್ರೂ ಮನೆಗೆ ಕಳಿಸಬೇಕಂದ್ರೆ ನನ್ನನ್ನ ಕಳಿಸಿ.”

ದೂರದಲ್ಲಿ ಹುಲ್ಲಿಗೆ ನೀರು ಚಿಮ್ಮಿಸುವ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಗಸ್ ಆ ಬೆರಳನ್ನು ತುಂಬಾ ಹೊತ್ತು ನೋಡಿದ.

“ಈಗ ಅದಿದೆಯಾ, ಆ ಅಂಗಡಿ ಉಗುರು?”

“ಇಲ್ಲ.”

“ನಿನ್ನೆ?”

“ನಿನ್ನೆನೂ ಇರಲಿಲ್ಲ.”

“ಇನ್ನೊಂದು ಸಲ ಅಂಟಿಸಿಕೊಂಡ್ರೆ ಆ ಬೆರಳನ್ನೇ ಕತ್ತರಿಸ್ತೀನಿ” ಎಂದ ಗಸ್. “ನೋರಾ, ಸೊನ್ನೆ ಎಲ್ಲಿಂದ ಬಂತು ಅಂತ ಗೊತ್ತಾಯ್ತಾ?”

ನೋರಾ ಟ್ಯಾಬ್ ಮತ್ತೆ ತೆರೆದಳು. ಓರಿನ್‌ನ ಕಡೆ ನೋಡಿ, “ನಾನು ಹೊಗಳಿದ್ದನ್ನ ವಾಪಸ್ ತಗೋತೀನಿ. ಕೈ ಹಳೇದೇ” ಎಂದಳು. ಮುಖ ಗಂಟಾಗಿಯೇ ಇತ್ತು, ಆದರೆ ಬೆರಳು ಟ್ಯಾಬಿನ ಮೇಲೆ ಟ್ರೆಂಟ್‌ನ ಹೆಸರನ್ನು ಕೆಳಗೆ ಎಳೆಯುತ್ತಿತ್ತು.

ಟ್ರೆಂಟ್ ಬಾಯ್ಸಿಯ ಬಸ್ಸಿಗೆ ಚೀಲ ಕಟ್ಟುತ್ತಿದ್ದಾಗ ಓರಿನ್ ಹೋಗಿ ಬಲಗಡೆಯ ನಾಲ್ಕನೇ ಸೀಟಿನಲ್ಲಿ ಕೂರಬೇಡ ಎಂದು ಹೇಳಿಬಂದ. ಎಂಬತ್ತೇಳರ ಅಂಗಿಯನ್ನು ಮಡಿಸಿ, ಎರಡು ನಿಮಿಷ ಕೈಯಲ್ಲಿ ಹಿಡಿದುಕೊಂಡು, ಒಗೆಯುವ ಬುಟ್ಟಿಗೆ ಹಾಕಿದ. ಕ್ರೀಟ್‌ನ ಶಾಲೆಗೆ ಫೋನು ಮಾಡಿ, ಈ ವರ್ಷ ಆಗುವುದಿಲ್ಲವೆಂದ.

ಮೊದಲ ದಿನ ಪೋರ್ಟ್‌ಲ್ಯಾಂಡಿನಲ್ಲಿ ಜಿಟಿಜಿಟಿ ಮಳೆ. ಹೆಸರುಗಳನ್ನು ಕೂಗಿದರು. ಇಪ್ಪತ್ತೈದನೆಯದು ಓರಿನ್‌ನದು. ಓಡಿ ಹೋಗಿ ಗೆರೆಯ ಮೇಲೆ ನಿಂತ. ಪಕ್ಕದಲ್ಲಿ ಲೈಲ್, “ಟೋಪಿನಾದ್ರೂ ಕೈತಪ್ಪಿಸಬೇಡ” ಎಂದು ಪಿಸುಗುಟ್ಟಿದ. ಆ ದಿನ ಅವನು ಆಡಲಿಲ್ಲ, ಬೆಂಚಿನ ಮೇಲೇ ಕೂತಿದ್ದ.

ಲೈಲ್‌ನ ಸರದಿ ಬಂದದ್ದು ಐದನೇ ದಿನ. ಅಷ್ಟರಲ್ಲಿ ಮಾರ್ಲಿಸ್ ಬಸ್ಸಿನ ಕೀಲಿ ಬೇರೆಯವರಿಗೆ ಒಪ್ಪಿಸಿ ಬಂದಿದ್ದಳು. ಮೂರನೇ ಬೇಸಿನ ಪಕ್ಕ, ಕೆಳಗಿನ ಸಾಲಿನಲ್ಲಿ, ನೆನೆದ ಕೋಟಿನಲ್ಲಿ ಕೂತಿದ್ದಳು. ಮೊದಲ ಬ್ಯಾಟುಗಾರ ನಿಂತ. ಲೈಲ್ ಎಸೆದ. ಚೆಂಡು ಎಡಕ್ಕೆ ವಾಲಿತು, ಬಲಕ್ಕೆ ಧುಮುಕಿತು, ಬ್ಯಾಟು ಗಾಳಿಗೆ ಹೋಯಿತು, ಓರಿನ್‌ನ ಗ್ಲವ್ಸ್ ಗಾಳಿಗೆ ಹೋಯಿತು, ಚೆಂಡು ಗೋಡೆಗೆ ಹೋಯಿತು. ಸ್ಟೇಡಿಯಂ ಗೊಳ್ಳೆಂದಿತು.

ಬೇಸಿನ ಮೇಲೆ ಎದುರಾಳಿ ಓಟಗಾರ ಯಾರೂ ಇರಲಿಲ್ಲ, ಓಡಬೇಕಾದ ಅಗತ್ಯವೂ ಇರಲಿಲ್ಲ. ಓರಿನ್ ಎದ್ದು, ಮೈದಾನಕ್ಕೆಲ್ಲ ಹೆಸರು ಹೊಲಿದ ಬೆನ್ನು ತಿರುಗಿಸಿ, ಗೋಡೆಯ ಕಡೆಗೆ ನಡೆದೇ ಹೋದ. ನಿಧಾನವಾಗಿ. ಹಿಂದಿನಿಂದ, ಮೂರನೇ ಬೇಸಿನ ಕಡೆಯಿಂದ, ಶಾಲೆಯ ಬಸ್ಸಿನಲ್ಲಿ ಅರವತ್ತು ಮಕ್ಕಳನ್ನು ಸುಮ್ಮನಿರಿಸುವ ಆ ದನಿ ಕೇಳಿಸಿತು:

“ಓದಿ ಆಯ್ತು ಕಣೋ! ಇನ್ನು ಹಿಡಿ!”